ಕೊನೆಭಾಗದ ಜಿಲ್ಲೆಗಳು

2024ರ ಫೆಬ್ರುವರಿ 7ರಂದು ಕರ್ನಾಟಕದ ಮುಖ್ಯಮಂತ್ರಿ, ಸಚಿವರು, ಶಾಸಕರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. ‘ನನ್ನ ತೆರಿಗೆ ನನ್ನ ಹಕ್ಕು’ ಎಂಬುದು ಅಂದಿನ ಘೋಷಣೆ. ಆ ದೂರಿನಲ್ಲಿ ಹುರುಳಿತ್ತು. ಕೇಂದ್ರ ಸರ್ಕಾರ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ 14ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಶೇ 4.713ರಷ್ಟು ಪಾಲು ಕೊಟ್ಟಿತ್ತು. 15ನೇ ಆಯೋಗ ಅದನ್ನು ಶೇ 3.647ಕ್ಕೆ ಇಳಿಸಿತು. ಒಂದೇ ಏಟಿಗೆ ಇಷ್ಟು ದೊಡ್ಡ ಪಾಲು ಕಳೆದುಕೊಂಡ ರಾಜ್ಯ ಸುಮ್ಮನಿರಬೇಕೆಂದು ಯಾರೂ ಹೇಳಲಾರರು.

ಆದರೆ ಪಾಲು ಇಳಿದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 15ನೇ ಆಯೋಗದ ಸೂತ್ರದಲ್ಲಿ ಶೇ 45ರಷ್ಟು ತೂಕ ತಲಾದಾಯದ ಅಂತರಕ್ಕೆ ಇತ್ತು. ರಾಜ್ಯ ಬಡವಾದಷ್ಟೂ ಪಾಲು ಹೆಚ್ಚು, ಸಿರಿವಂತವಾದಷ್ಟೂ ಕಡಿಮೆ. ಕರ್ನಾಟಕದ ಸರಾಸರಿಯನ್ನು ಮೇಲಕ್ಕೆ ಎತ್ತಿದ್ದು ಬೆಂಗಳೂರು. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರುವುದು ಆ ಒಂದೇ ಜಿಲ್ಲೆಯಿಂದ. ಬೆಂಗಳೂರು ನಗರ ಜಿಲ್ಲೆಯ ತಲಾದಾಯ ಕಲಬುರಗಿಯ ತಲಾದಾಯದ ಸುಮಾರು ಐದು ಪಟ್ಟು. ಇವೆರಡನ್ನೂ ಕೂಡಿಸಿ ಭಾಗಿಸಿದಾಗ ಯಾದಗಿರಿಯ ಕೂಲಿಕಾರನೂ ದೆಹಲಿಯ ಲೆಕ್ಕದಲ್ಲಿ ಸಿರಿವಂತ ರಾಜ್ಯದವನಾಗುತ್ತಾನೆ. ಬೆಂಗಳೂರಿನ ಗಳಿಕೆ ಅವನ ಕೈಗೆ ಸಿಕ್ಕಿಲ್ಲ. ಆ ಗಳಿಕೆಯ ಕಾರಣಕ್ಕೆ ದೆಹಲಿಯಿಂದ ಬರಬೇಕಾದದ್ದು ಮಾತ್ರ ಕಡಿತವಾಗಿದೆ. ರಾಜ್ಯದೊಳಗಿನ ಅಸಮಾನತೆ ಹೀಗೆ ಒಬ್ಬನೇ ಮನುಷ್ಯನನ್ನು ಎರಡು ಸಲ ಹೊಡೆಯುತ್ತದೆ. ದೆಹಲಿಯಲ್ಲಿ ಕೂಗಿದ ಘೋಷಣೆಯಲ್ಲಿ ಈ ಮಾತು ಇರಲಿಲ್ಲ.

ಭಾರತದಲ್ಲಿ ಪ್ರಾದೇಶಿಕ ಅಸಮಾನತೆ ಎಂದರೆ ಬಿಹಾರ ಮತ್ತು ತಮಿಳುನಾಡು, ಉತ್ತರ ಪ್ರದೇಶ ಮತ್ತು ಗುಜರಾತ್ ಎಂದು ರಾಜ್ಯಗಳನ್ನು ಎದುರುಬದುರು ನಿಲ್ಲಿಸಿ ಮಾತನಾಡುವುದು ರೂಢಿ. ರಾಜ್ಯದ ಗಡಿಯೊಳಗೆ ಇರುವ ಕಂದರ ಅದಕ್ಕಿಂತ ಕಿರಿದೇನಲ್ಲ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57, ಯಾದಗಿರಿಯದು ಶೇ 51.83. ಯಾದಗಿರಿಯ ಹೆಣ್ಣುಮಕ್ಕಳನ್ನಷ್ಟೇ ಲೆಕ್ಕ ಹಾಕಿದರೆ ಓದು ಬರಹ ಬಲ್ಲವರು ಶೇ 41ರ ಆಸುಪಾಸು. ಇವೆರಡೂ ಒಂದೇ ವಿಧಾನಸೌಧದಿಂದ ಆಳಿಸಿಕೊಳ್ಳುವ ಜಿಲ್ಲೆಗಳು. ಎರಡರಲ್ಲೂ ಮಕ್ಕಳು ಓದುವುದು ಅದೇ ಪಠ್ಯಪುಸ್ತಕ, ಬರೆಯುವುದು ಅದೇ ಪರೀಕ್ಷೆ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡದ ಫಲಿತಾಂಶ ಶೇ 91.12 ಆಗಿದ್ದರೆ, ಕೊನೆಯ ಸ್ಥಾನದಲ್ಲಿದ್ದ ಕಲಬುರಗಿಯದು ಶೇ 42.43. ಅದರ ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿದ್ದದ್ದು ಯಾದಗಿರಿ. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದ ಮೇಲೆ ಫಲಿತಾಂಶ ಕುಸಿಯಿತು ಎಂದು ಹಲವರು ಹುಬ್ಬೇರಿಸಿದರು. ಹತ್ತನೇ ತರಗತಿಯಲ್ಲಿ ಕಣ್ಣಿಗೆ ಬಿದ್ದದ್ದು ಮೂರನೇ ತರಗತಿಯಿಂದಲೇ ನಡೆಯುತ್ತಾ ಬಂದದ್ದು.

ಈ ಹಿಂದುಳಿಯುವಿಕೆ ಎಲ್ಲಿಂದ ಶುರುವಾಯಿತು ಎಂಬುದಕ್ಕೆ ಚರಿತ್ರೆಯಲ್ಲಿ ಸ್ಪಷ್ಟ ಉತ್ತರವಿದೆ. 1956ರ ನವೆಂಬರ್ 1ರಂದು ಒಂದಾದ ಕನ್ನಡ ನಾಡಿನ ತುಂಡುಗಳು ಬೇರೆ ಬೇರೆ ಮಟ್ಟದಲ್ಲಿದ್ದವು. ಮೈಸೂರು ಸಂಸ್ಥಾನ 1902ರಲ್ಲೇ ಶಿವನಸಮುದ್ರದಲ್ಲಿ ವಿದ್ಯುತ್ ತೆಗೆದಿತ್ತು, 1913ರಲ್ಲಿ ಸ್ವಂತ ಬ್ಯಾಂಕು ತೆರೆದಿತ್ತು, 1916ರಲ್ಲಿ ವಿಶ್ವವಿದ್ಯಾಲಯ ಕಟ್ಟಿತ್ತು. ಮುಂದೆ ಕನ್ನಂಬಾಡಿ ಕಟ್ಟೆ, ಭದ್ರಾವತಿ ಕಬ್ಬಿಣದ ಕಾರ್ಖಾನೆ ಬಂದವು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಕರಾವಳಿಯ ಜನ 1906ರಿಂದ ಒಂದಾದ ಮೇಲೊಂದು ಬ್ಯಾಂಕು ಹುಟ್ಟಿಸಿದರು. ನಿಜಾಮನ ರಾಜ್ಯದಲ್ಲಿದ್ದ ಬೀದರ್, ಗುಲ್ಬರ್ಗ, ರಾಯಚೂರುಗಳಿಗೆ ಸಿಕ್ಕಿದ್ದು ಜಹಗೀರುಗಳ ಕಂದಾಯ ವಸೂಲಿ. ಆಡಳಿತದ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ತೆರೆದಾಗ ಬೋಧನೆಯ ಮಾಧ್ಯಮವೂ ಉರ್ದುವೇ. ಕನ್ನಡದಲ್ಲಿ ಕಲಿಯಬಯಸಿದ ಹಳ್ಳಿಯ ಹುಡುಗನಿಗೆ ಊರಲ್ಲಿ ಶಾಲೆಯೇ ಅಪರೂಪ. ದೇಶಕ್ಕೆ 1947ರ ಆಗಸ್ಟ್‌ನಲ್ಲಿ ಬಂದ ಸ್ವಾತಂತ್ರ್ಯ ಇಲ್ಲಿಗೆ ತಲುಪಿದ್ದು 1948ರ ಸೆಪ್ಟೆಂಬರ್ 17ರಂದು, ಸೇನಾ ಕಾರ್ಯಾಚರಣೆ ಮುಗಿದ ಮೇಲೆ. ಗುಲ್ಬರ್ಗಕ್ಕೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ, ಮೈಸೂರಿಗಿಂತ 64 ವರ್ಷ ತಡವಾಗಿ.

ಇದೆಲ್ಲ ನಿಜ. ಆದರೆ ಏಕೀಕರಣವಾಗಿ ಏಳು ದಶಕಗಳು ಕಳೆದ ಮೇಲೂ ಪ್ರತಿ ಭಾಷಣದಲ್ಲೂ ನಿಜಾಮನನ್ನೇ ದೂರುತ್ತಾ ಕೂರುವುದು ಅನುಕೂಲಸಿಂಧು ವಾದ. ನಿಜಾಮ ಬಿಟ್ಟುಹೋದ ಅಂತರವನ್ನು ನಾವು ತುಂಬಲಿಲ್ಲವೇಕೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಆ ಪ್ರಶ್ನೆಯನ್ನು ಎಲ್ಲರಿಗಿಂತ ಗಂಭೀರವಾಗಿ ಕೈಗೆತ್ತಿಕೊಂಡವರು ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ. 2000ದಲ್ಲಿ ರಚನೆಯಾದ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2002ರ ಜೂನ್‌ನಲ್ಲಿ ವರದಿ ಕೊಟ್ಟಿತು. ಜಿಲ್ಲೆಯ ಸರಾಸರಿಯನ್ನು ನಂಬದೆ ಅಂದಿನ 175 ತಾಲ್ಲೂಕುಗಳನ್ನೂ 35 ಸೂಚಕಗಳಿಂದ ಅಳೆದದ್ದು ಆ ವರದಿಯ ದೊಡ್ಡ ಗುಣ. ಹಿಂದುಳಿದವು ಎಂದು ಕಂಡುಬಂದವು 114 ತಾಲ್ಲೂಕುಗಳು. ಅವುಗಳಲ್ಲಿ ‘ಅತ್ಯಂತ ಹಿಂದುಳಿದ’ ಪಟ್ಟಿಗೆ ಸೇರಿದವು 39, ಆ 39ರಲ್ಲಿ 21 ಗುಲ್ಬರ್ಗ ವಿಭಾಗಕ್ಕೆ ಸೇರಿದವು. ಬೆಂಗಳೂರು ವಿಭಾಗದಲ್ಲೂ 11 ಇದ್ದವು ಎಂಬುದನ್ನು ಮರೆಯಬಾರದು. ರಾಜಧಾನಿಯ ಬೆಳಕು ಪಕ್ಕದ ತಾಲ್ಲೂಕಿಗೇ ತಲುಪಿಲ್ಲವೆಂದು ವರದಿ ತೋರಿಸಿಕೊಟ್ಟಿತು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆ ಜಾರಿಯಾಗಬೇಕು, ಅದರಲ್ಲಿ ಶೇ 40 ಗುಲ್ಬರ್ಗ ವಿಭಾಗಕ್ಕೆ ಹೋಗಬೇಕು ಎಂದು ಸಮಿತಿ ಹೇಳಿತು. ವಿಶೇಷ ಅಭಿವೃದ್ಧಿ ಯೋಜನೆ ಎಂಬ ಹೆಸರಿನಲ್ಲಿ ಹಣ ಇಡಲು ಶುರುವಾದದ್ದು 2007–08ರಲ್ಲಿ. ಐದು ವರ್ಷ ಕಡತದಲ್ಲೇ ಕಳೆಯಿತು. ಐದು ವರ್ಷ ಎಂದರೆ ಒಂದನೇ ತರಗತಿಗೆ ಸೇರಿದ ಮಗು ಪ್ರಾಥಮಿಕ ಶಾಲೆಯ ಬಹುಪಾಲು ಮುಗಿಸುವ ಕಾಲ.

ಆ ಮಗುವಿನ ಕತೆಯನ್ನು ಹತ್ತಿರದಿಂದ ನೋಡಬೇಕೆಂದರೆ ನಮ್ಮ ಕಡೆಯ ಯಾವುದಾದರೂ ತಾಂಡಾದ ಶಾಲೆಯ ಹಾಜರಿ ಪುಸ್ತಕ ತೆರೆಯಬೇಕು. ಜೂನ್, ಜುಲೈ, ಆಗಸ್ಟ್ ಪುಟಗಳು ತುಂಬಿರುತ್ತವೆ. ದಸರೆ ಕಳೆದು ಹತ್ತಿ ಬಿಡಿಸುವ ಹೊತ್ತಿಗೆ ಅಲ್ಲಲ್ಲಿ ಗೈರು. ಮೊದಲು ಹೆಣ್ಣುಮಕ್ಕಳ ಹೆಸರಿನ ಮುಂದೆ, ಆಮೇಲೆ ಗಂಡುಮಕ್ಕಳದು. ದೀಪಾವಳಿ ಮುಗಿದು ಊರು ಗುಳೆ ಹೊರಟಿತೆಂದರೆ ಸಾಲಿಗೆ ಸಾಲೇ ಗೈರು. ಅಣ್ಣ, ತಂಗಿ, ಚಿಕ್ಕಪ್ಪನ ಮಗ ಎಲ್ಲರೂ ಒಂದೇ ದಿನದಿಂದ ಕಾಣೆಯಾಗಿರುತ್ತಾರೆ, ಏಕೆಂದರೆ ಮನೆಮಂದಿಯೆಲ್ಲ ಒಂದೇ ಗಾಡಿ ಹತ್ತಿರುತ್ತಾರೆ. ಅಜ್ಜಿ ಮನೆಯಲ್ಲಿ ಉಳಿದರೆ ಒಂದಿಬ್ಬರು ಮಕ್ಕಳು ಶಾಲೆಯಲ್ಲಿ ಉಳಿಯುತ್ತಾರೆ. ಯುಗಾದಿಯ ಹೊತ್ತಿಗೆ ಮರಳಿ ಬಂದಾಗ ಪಾಠಗಳು ಮುಗಿದು ಪರೀಕ್ಷೆ ಎದುರಿಗೆ ನಿಂತಿರುತ್ತದೆ. ಅನುತ್ತೀರ್ಣ ಮಾಡುವಂತಿಲ್ಲವಾದ್ದರಿಂದ ಮಗು ಮುಂದಿನ ತರಗತಿಗೆ ಹೋಗುತ್ತದೆ. ಮುಂದಿನ ವರ್ಷ ಅದೇ ತಿಂಗಳು ಅದೇ ಗಾಡಿ. ಹೀಗೆ ಏಳೆಂಟು ವರ್ಷ ಅರ್ಧರ್ಧ ಕಲಿತ ಹುಡುಗಿ ಹತ್ತನೇ ತರಗತಿಯಲ್ಲಿ ಗಣಿತದ ಪ್ರಶ್ನೆಪತ್ರಿಕೆ ಹಿಡಿದು ಕುಳಿತಾಗ ಅವಳ ಮುಂದೆ ಕ್ಯಾಮೆರಾ ಇದ್ದರೇನು, ಬಿಟ್ಟರೇನು.

ಆ ಗಾಡಿ ಬಂದು ನಿಲ್ಲುವುದು ಬೆಂಗಳೂರು, ಮುಂಬೈ, ಪುಣೆ, ಗೋವಾಗಳಲ್ಲಿ. ಬೆಂಗಳೂರಿನ ಹೊರವಲಯದಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿರುವ ಯಾವುದೇ ಬಡಾವಣೆಯ ಅಂಚಿಗೆ ಹೋದರೂ ನೀಲಿ ತಾಡಪಾಲು ಹೊದಿಸಿದ ತಗಡಿನ ಶೆಡ್ಡುಗಳ ಸಾಲು ಸಿಗುತ್ತದೆ. ಬೆಳಿಗ್ಗೆ ಕೂಲಿಯವರು ನಿಲ್ಲುವ ಕೂಡುರಸ್ತೆಯಲ್ಲಿ ಯಾದಗಿರಿ, ಸುರಪುರ, ದೇವದುರ್ಗ, ಲಿಂಗಸುಗೂರುಗಳ ಮಾತು ಕಿವಿಗೆ ಬೀಳುತ್ತದೆ. ಗಂಡ ಗೌಂಡಿ, ಹೆಂಡತಿ ಬಿಗಾರಿ. ಸಿಮೆಂಟ್ ಬುಟ್ಟಿ ಹೊರುವವಳು, ಇಟ್ಟಿಗೆ ಕೊಡುವವಳು ಅವಳೇ, ಕೂಲಿ ಮಾತ್ರ ಗಂಡನದಕ್ಕಿಂತ ಕಡಿಮೆ. ಊರಲ್ಲಿ ಹೊಲ ಇಲ್ಲವೇ ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: “ಅದ ರೀ, ಎರಡೆಕರೆ. ಮಳಿ ಇದ್ರ ತೊಗರಿ, ಇಲ್ಲಂದ್ರ ಬೆಂಗಳೂರು.” ಮೇಸ್ತ್ರಿಯ ಹತ್ತಿರ ತೆಗೆದುಕೊಂಡ ಮುಂಗಡ ತೀರುವವರೆಗೆ ಹಿಂದಿರುಗುವ ಮಾತಿಲ್ಲ. ಮಗಳ ಮದುವೆಗೋ, ಆಸ್ಪತ್ರೆಗೋ, ಕೊಳವೆಬಾವಿ ಕೊರೆಸುವುದಕ್ಕೋ ತೆಗೆದ ದುಡ್ಡು ಅದು. ಬಾವಿಯಲ್ಲಿ ನೀರು ಬಿದ್ದಿರುವುದಿಲ್ಲ, ಸಾಲ ಮಾತ್ರ ಉಳಿದಿರುತ್ತದೆ.

ಮಳೆಯೊಂದನ್ನೇ ನೆಚ್ಚಿದ ನೆಲ ಇದು ಎನ್ನುವಂತೆಯೂ ಇಲ್ಲ. ಕೃಷ್ಣೆ, ಭೀಮೆ, ತುಂಗಭದ್ರೆಯರು ಹರಿಯುವ ಸೀಮೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಲಾಲ್ ಬಹದ್ದೂರ್ ಶಾಸ್ತ್ರಿಯವರ ಕೈಯಿಂದ. ನಾರಾಯಣಪುರದಿಂದ ಹೊರಟ ಕಾಲುವೆಗಳು ಸುರಪುರ, ಶಹಾಪುರಗಳ ಎಷ್ಟೋ ಊರುಗಳನ್ನು ಹಸಿರಾಗಿಸಿವೆ. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಗಂಗಾವತಿ, ಸಿಂಧನೂರುಗಳ ಸೋನಾಮಸೂರಿ ಅಕ್ಕಿ ರಾಜ್ಯದ ಉದ್ದಗಲಕ್ಕೂ ಹೆಸರಾಗಿದೆ. ತೊಂದರೆ ಇರುವುದು ಕಾಲುವೆ ಮುಗಿಯುವ ಕಡೆ. ಮಾನ್ವಿ, ರಾಯಚೂರು ತಾಲ್ಲೂಕುಗಳ ಕೊನೆಭಾಗದ ರೈತರು ಪ್ರತಿ ಹಂಗಾಮಿನಲ್ಲೂ ನೀರಿಗಾಗಿ ರಸ್ತೆಗಿಳಿಯುತ್ತಾರೆ. ಯೋಜನೆಯ ನಕ್ಷೆಯಲ್ಲಿ ಅಲ್ಲಿ ಹೆಚ್ಚು ನೀರು ಬೇಡದ ಬೆಳೆ ಇರಬೇಕಿತ್ತು, ಮೇಲ್ಭಾಗದಲ್ಲೂ ಹಾಗೆಯೇ. ಮೇಲ್ಭಾಗದವರು ಭತ್ತ ಹಾಕಿದರು, ಕೆಳಗಿನವರಿಗೆ ಬರಿಗಾಲುವೆ ಉಳಿಯಿತು. ನಿಯಮ ಪುಸ್ತಕದಲ್ಲಿತ್ತು. ಅದನ್ನು ಜಾರಿ ಮಾಡುವ ಗಟ್ಟಿತನ ಯಾವ ಸರ್ಕಾರಕ್ಕೂ ಬರಲಿಲ್ಲ. ಹಿಂದುಳಿದ ಪ್ರದೇಶದ ಒಳಗೂ ಮುಂದಿರುವವರು, ಹಿಂದಿರುವವರು ಇದ್ದಾರೆ. ಅನುದಾನದ ಮೊತ್ತ ಎಣಿಸುವವರ ಕಣ್ಣಿಗೆ ಇದು ಬೀಳುವುದಿಲ್ಲ.

ಈ ಸೀಮೆಯಿಂದ ಹೊರಗೆ ಹೋಗುವುದರ ಲೆಕ್ಕವನ್ನೂ ಒಮ್ಮೆ ಇಡಬೇಕು. ರಾಯಚೂರಿನ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. 1,720 ಮೆಗಾವಾಟ್ ಸಾಮರ್ಥ್ಯದ ಆ ಸ್ಥಾವರ ದಶಕಗಳ ಕಾಲ ರಾಜ್ಯದ ದೀಪ ಹೊತ್ತಿಸಿದೆ. ಹಾರುಬೂದಿ ಉಳಿದದ್ದು ಸುತ್ತಲಿನ ಹಳ್ಳಿಗಳಿಗೆ. ಚಿನ್ನ ಹಟ್ಟಿಯಿಂದ, ಅದಿರು ಬಳ್ಳಾರಿ, ಸಂಡೂರುಗಳಿಂದ ಹೋಗುತ್ತದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಎರೆಮಣ್ಣಿನ ರುಚಿಯ ಆ ಬೇಳೆ ನಾಡಿನ ಅಡುಗೆಮನೆಗಳನ್ನು ಸೇರುತ್ತದೆ. ಆದರೆ 2022ರ ಹಂಗಾಮಿನಲ್ಲಿ ನೆಟೆ ರೋಗ ಬಂದು ನಿಂತ ಬೆಳೆ ನಿಂತಲ್ಲೇ ಒಣಗಿದಾಗ ರೈತನಿಗೆ ಆಸರೆಯಾಗಿದ್ದದ್ದು ಸರ್ಕಾರ ಕೊಟ್ಟ ಅಷ್ಟಿಷ್ಟು ಪರಿಹಾರ. ಬೆಂಗಳೂರು ದುಡಿಯುತ್ತದೆ, ಉಳಿದವರು ತಿನ್ನುತ್ತಾರೆ ಎಂಬ ಮಾತು ಈಚೆಗೆ ಜೋರಾಗಿ ಕೇಳಿಬರುತ್ತಿದೆ. ಆ ನಗರದ ಗೋಡೆ ಕಟ್ಟಿದ ಕೈಗಳು, ದೀಪ ಹೊತ್ತಿಸಿದ ಕರೆಂಟು, ಸಾರಿಗೆ ಬಿದ್ದ ಬೇಳೆ ಎಲ್ಲಿಯವು ಎಂದು ತಿಳಿದವರು ಹಾಗೆ ಮಾತನಾಡಬಾರದು.

ಈ ಭಾಗಕ್ಕೆ ಸರ್ಕಾರ ಏನೂ ಕೊಟ್ಟಿಲ್ಲ ಎಂದರೆ ಅದೂ ತಪ್ಪಾಗುತ್ತದೆ. ವೈಜನಾಥ ಪಾಟೀಲರಂಥವರು ವರ್ಷಾನುಗಟ್ಟಲೆ ಬೀದಿಗಿಳಿದು ಕೇಳಿದ, ಒಮ್ಮೆ ದೆಹಲಿ ತಿರಸ್ಕರಿಸಿದ ವಿಶೇಷ ಸ್ಥಾನಮಾನದ ಬೇಡಿಕೆ 2012ರ ಡಿಸೆಂಬರ್‌ನಲ್ಲಿ ಸಂಸತ್ತಿನ ಒಪ್ಪಿಗೆ ಪಡೆಯಿತು. ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಬಂತು. ಮಲ್ಲಿಕಾರ್ಜುನ ಖರ್ಗೆಯವರ ಪ್ರಯತ್ನ ಅದರ ಹಿಂದೆ ಬಹಳಷ್ಟಿತ್ತು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟು ಇಲ್ಲಿನ ಮಕ್ಕಳಿಗೆ. ಸ್ಥಳೀಯ ವೃಂದದ ಹುದ್ದೆಗಳಲ್ಲಿ ‘ಸಿ’ ಗುಂಪಿನ ಶೇ 80, ‘ಡಿ’ ಗುಂಪಿನ ಶೇ 85 ಇಲ್ಲಿಯವರಿಗೆ. ನನ್ನ ಮಟ್ಟಿಗೆ ಏಕೀಕರಣದ ನಂತರ ಈ ಸೀಮೆಗೆ ಆದ ದೊಡ್ಡ ಉಪಕಾರ ಇದು. ಮನೆಯಲ್ಲಿ ಯಾರೂ ಹೈಸ್ಕೂಲ್ ಮೆಟ್ಟಿಲು ಹತ್ತದ ಕುಟುಂಬಗಳಿಂದ ಡಾಕ್ಟರುಗಳು, ಎಂಜಿನಿಯರುಗಳು ಹೊರಬಂದಿದ್ದಾರೆ. ಬಡತನವೂ ಕರಗಿದೆ. ನೀತಿ ಆಯೋಗದ ಬಹುಆಯಾಮದ ಬಡತನದ ಲೆಕ್ಕದಲ್ಲಿ ಯಾದಗಿರಿಯ ಬಡವರ ಪ್ರಮಾಣ 2015–16ರಲ್ಲಿ ನೂರಕ್ಕೆ 41ರಷ್ಟಿದ್ದದ್ದು 2019–21ರ ಹೊತ್ತಿಗೆ 25ರ ಆಸುಪಾಸಿಗೆ ಇಳಿಯಿತು. ಅದೇ ಹೊತ್ತಿಗೆ ಇಡೀ ರಾಜ್ಯದ ಪ್ರಮಾಣ ಎಂಟಕ್ಕಿಂತ ಕೆಳಗಿತ್ತು ಎಂಬುದು ಇನ್ನೂ ನಡೆಯಬೇಕಾದ ದಾರಿಯನ್ನು ಹೇಳುತ್ತದೆ.

ಹಣವೂ ಬರುತ್ತಿದೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಕಲ್ಯಾಣ ಕರ್ನಾಟಕವಾಯಿತು. ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 1,500 ಕೋಟಿ ಇದ್ದದ್ದು 3,000 ಕೋಟಿಗೆ, 2023–24ರಿಂದ 5,000 ಕೋಟಿಗೆ ಏರಿತು. ಆ ದುಡ್ಡು ತಾಲ್ಲೂಕಿನ ಸೂಚ್ಯಂಕದ ಪ್ರಕಾರ ಹಂಚಿಕೆಯಾಗುತ್ತದೆ, ಆಮೇಲೆ ಶಾಸಕರ ಪಟ್ಟಿಗಳಲ್ಲಿ ಸಣ್ಣ ಸಣ್ಣ ಕಾಮಗಾರಿಗಳಾಗಿ ಚೂರಾಗುತ್ತದೆ. ಸಿ.ಸಿ. ರಸ್ತೆ, ಸಮುದಾಯ ಭವನ, ಶಾಲಾ ಕೊಠಡಿ. ಕಟ್ಟಡಕ್ಕೆ ಟೆಂಡರ್ ಇದೆ, ಗುತ್ತಿಗೆದಾರನಿದ್ದಾನೆ, ಉದ್ಘಾಟನೆಯ ಕಲ್ಲು ಇದೆ. ಕೊಠಡಿಯೊಳಗೆ ಗಣಿತ ಹೇಳಿಕೊಡುವವರಿಗೆ ಇವ್ಯಾವುವೂ ಇಲ್ಲ. ಮೇಷ್ಟ್ರು ಅತಿಥಿ ಶಿಕ್ಷಕರಾಗಿರುತ್ತಾರೆ. ಶಾಲೆ ಶುರುವಾಗಿ ವಾರಗಳಾದ ಮೇಲೆ ನೇಮಕ, ತಿಂಗಳುಗಟ್ಟಲೆ ಗೌರವಧನಕ್ಕೆ ಕಾಯುವುದು, ಮಾರ್ಚ್‌ಗೆ ಮನೆಗೆ. ಈಚೆಗೆ ಮಂಡಳಿಯ ಹಣದ ಒಂದು ಪಾಲನ್ನು ಶಿಕ್ಷಣಕ್ಕೆಂದೇ ತೆಗೆದಿಟ್ಟದ್ದು ಒಳ್ಳೆಯ ಹೆಜ್ಜೆ. ಕಾಯಂ ಹುದ್ದೆ ತುಂಬದೆ ಅದು ಅರ್ಧ ಹೆಜ್ಜೆಯೇ.

ಖಾಲಿ ಹುದ್ದೆಗಳ ಹಿಂದೆ ಹಣಕಾಸಿನದಲ್ಲದ ಇನ್ನೊಂದು ಕಾರಣವಿದೆ. ಅದನ್ನು ಹೇಳಲು ನೋವಾಗುತ್ತದೆ. ಕನ್ನಡದಲ್ಲಿ ನೌಕರನನ್ನು ಹೆದರಿಸುವ ಮಾತೊಂದಿದೆ: “ಬೀದರ್‌ಗೆ ಎತ್ತಂಗಡಿ ಮಾಡಿಸ್ತೀನಿ.” ಸಿನಿಮಾಗಳಲ್ಲಿ, ಕಚೇರಿಗಳಲ್ಲಿ, ಮಂತ್ರಿಗಳ ಬಾಯಲ್ಲಿ ಅದನ್ನು ಕೇಳುತ್ತಾ ಬೆಳೆದವರು ನಾವು. ಒಂದು ಸೀಮೆಗೆ ಅಧಿಕಾರಿಯನ್ನು ಕಳಿಸುವುದೇ ಶಿಕ್ಷೆ ಎಂದು ನಂಬಿದ ಆಡಳಿತ ಅಲ್ಲಿಗೆ ಎಂಥವರನ್ನು ಕಳಿಸೀತು? ಹೋದವರು ಎಂಥ ಮನಸ್ಸಿನಿಂದ ದುಡಿದಾರು? ಏಪ್ರಿಲ್, ಮೇನಲ್ಲಿ ಇಲ್ಲಿನ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ, ಬಿಸಿಲು ಅಷ್ಟು ಕಡು. ಅದನ್ನು ಸಹಿಸಿಕೊಂಡು ಇಲ್ಲೇ ಬಾಳುವವರು ಲಕ್ಷಾಂತರ ಜನ. ಬಂದ ದಿನದಿಂದಲೇ ವರ್ಗಾವಣೆಯ ಅರ್ಜಿ ಹಿಡಿದು ಬೆಂಗಳೂರಿನ ಗಾಡಿ ಹತ್ತುವ ಅಧಿಕಾರಿಯಿಂದ ಅವರ ಕೆಲಸ ಆಗುವುದಿಲ್ಲ. 371(ಜೆ) ಅಡಿ ನೇಮಕವಾದ ಸ್ಥಳೀಯ ಶಿಕ್ಷಕ, ಸ್ಥಳೀಯ ವೈದ್ಯೆ ಮುಖ್ಯರಾಗುವುದು ಇದಕ್ಕೇ. ಅವರು ತಮ್ಮ ಊರಿಗೇ ಬಂದವರು. ಆ ಹುದ್ದೆಗಳನ್ನೇ ತುಂಬದೆ ಖಾಲಿ ಬಿಡುವುದು ವಿಧಿಯನ್ನು ಕಾಗದದಲ್ಲಿ ಉಳಿಸಿ ಕಾರ್ಯದಲ್ಲಿ ಕೊಂದಂತೆ.

ನಮ್ಮವರ ಹೊಣೆಯನ್ನೂ ಹೇಳಬೇಕು. ಕಲಬುರಗಿ ಜಿಲ್ಲೆ ವೀರೇಂದ್ರ ಪಾಟೀಲ ಮತ್ತು ಧರ್ಮಸಿಂಗ್ ಎಂಬ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿದೆ, ವೀರೇಂದ್ರ ಪಾಟೀಲರು ಎರಡು ಸಲ ಆ ಕುರ್ಚಿಯಲ್ಲಿ ಕೂತವರು. ಸಂಪುಟಗಳಲ್ಲಿ ಈ ಭಾಗದ ಘಟಾನುಘಟಿಗಳಿಗೆ ಎಂದೂ ಕೊರತೆಯಿರಲಿಲ್ಲ. ಆದರೂ ಬೀದರ್–ಕಲಬುರಗಿ ನಡುವಿನ ಕೇವಲ 110 ಕಿ.ಮೀ. ರೈಲು ಮಾರ್ಗ 1990ರ ದಶಕದಲ್ಲಿ ಮಂಜೂರಾಗಿ 2017ರ ಅಕ್ಟೋಬರ್‌ವರೆಗೆ ಎಳೆಯಿತು. ಐಐಟಿ ರಾಯಚೂರಿಗೆ ಬರಬೇಕೆಂದು ನಂಜುಂಡಪ್ಪ ವರದಿ ಹೇಳಿತ್ತು, 2016ರಲ್ಲಿ ಅದು ಧಾರವಾಡದ ಪಾಲಾಯಿತು. ಅದಕ್ಕೆ ಬದಲಾಗಿ ಏಮ್ಸ್ ಕೊಡಿ ಎಂದು ರಾಯಚೂರಿನಲ್ಲಿ 2022ರ ಮೇನಲ್ಲಿ ಆರಂಭವಾದ ಧರಣಿ ಸಾವಿರ ದಿನ ದಾಟಿತು. ರಾಯಚೂರು, ಯಾದಗಿರಿ ಎರಡೂ ಹಿಂದುಳಿದವೆಂದು ಕೇಂದ್ರ ಗುರುತಿಸಿದ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳ ಪಟ್ಟಿಯಲ್ಲಿವೆ. ಆದರೂ ದೊಡ್ಡ ಆಪರೇಷನ್ ಎಂದಾಗ ಇಲ್ಲಿನ ರೋಗಿ ಹೋಗುವುದು ಇಂದಿಗೂ ಹೈದರಾಬಾದಿಗೆ, ಸೊಲ್ಲಾಪುರಕ್ಕೆ. ರಾಜಧಾನಿ ಅವನಿಗೆ ಒಂದು ರಾತ್ರಿಯ ಪ್ರಯಾಣದಷ್ಟು ದೂರ.

ದೆಹಲಿಯಲ್ಲಿ ಕರ್ನಾಟಕ ಮಂಡಿಸುವ ವಾದಕ್ಕೆ ಮತ್ತೆ ಬರುತ್ತೇನೆ. ದುಡಿಯುವವರಿಗೆ ಹೆಚ್ಚು ಉಳಿಯಬೇಕು ಎಂಬ ತತ್ವವನ್ನು ನಾವು ಅಲ್ಲಿ ಹಿಡಿದರೆ, ಅದೇ ತತ್ವವನ್ನು ಬೆಂಗಳೂರು ನಮ್ಮ ಎದುರಿಗೆ ಹಿಡಿಯುತ್ತದೆ. ಬಿಹಾರಕ್ಕೆ ಹೋಗುವ ಪಾಲನ್ನು ಹೀಗಳೆಯುವ ಮಾತು ನನಗೆ ಅದಕ್ಕೇ ಒಪ್ಪಿಗೆಯಾಗುವುದಿಲ್ಲ. ಬೆಂಗಳೂರಿನ ಕಟ್ಟಡದ ಎಂಟನೇ ಮಹಡಿಯಲ್ಲಿ ಸೆಂಟ್ರಿಂಗ್ ಕಟ್ಟುವ ಬಿಹಾರದ ಹುಡುಗ, ಕೆಳಗೆ ಜಲ್ಲಿ ಹೊರುವ ಯಾದಗಿರಿಯ ಹೆಂಗಸು ಇಬ್ಬರೂ ಒಂದೇ ಕಾರಣಕ್ಕೆ ಅಲ್ಲಿಗೆ ಬಂದವರು. ಕರ್ನಾಟಕ ಕೇಳಬೇಕಾದ ನ್ಯಾಯ ಬೇರೆ. ಬಡತನವನ್ನು ರಾಜ್ಯದ ಸರಾಸರಿಯಿಂದ ಅಳೆಯಬೇಡಿ, ಜಿಲ್ಲೆ ತಾಲ್ಲೂಕುಗಳ ಮಟ್ಟದಲ್ಲಿ ಅಳೆಯಿರಿ ಎಂದು ಅದು ಕೇಳಬೇಕು. ಹಾಗೆ ಕೇಳುವ ಅಧಿಕಾರ ಬರಬೇಕಾದರೆ ಮೊದಲು ಮನೆಯೊಳಗೆ ಆ ಅಳತೆಯನ್ನು ಪಾಲಿಸಿರಬೇಕು.

ಅಳತೆಯ ಕೆಲಸ ಮತ್ತೊಮ್ಮೆ ನಡೆದಿದೆ. ನಂಜುಂಡಪ್ಪ ವರದಿಗೆ ಎರಡು ದಶಕ ತುಂಬಿದ ಮೇಲೆ, 2024ರಲ್ಲಿ ಸರ್ಕಾರ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚಿಸಿತು. ಇನ್ನು ಮುಂದೆ ಎಷ್ಟು ಕೋಟಿ ಕೊಟ್ಟೆವು ಎಂಬ ಅಂಕಿ ಸಾಲದು. ಪ್ರತಿ ತಾಲ್ಲೂಕಿನಲ್ಲಿ ಮಂಜೂರಾದ ಶಿಕ್ಷಕರ ಹುದ್ದೆ ಎಷ್ಟು, ಜೂನ್ 1ರಂದು ತರಗತಿಯಲ್ಲಿದ್ದವರು ಎಷ್ಟು? ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ತಜ್ಞರು ವರ್ಷದಲ್ಲಿ ಎಷ್ಟು ತಿಂಗಳು ಇದ್ದರು? ಕಾಲುವೆಯ ಕೊನೆಯ ತೂಬಿಗೆ ಎಷ್ಟು ದಿನ ನೀರು ತಲುಪಿತು? ಗುಳೆ ಹೋದ ಮನೆಗಳ ಎಷ್ಟು ಮಕ್ಕಳಿಗೆ ಊರಲ್ಲೇ ಊಟ, ವಸತಿ, ಪಾಠ ಸಿಕ್ಕಿತು? ಈ ನಾಲ್ಕು ಲೆಕ್ಕಗಳನ್ನು ಪ್ರತಿ ವರ್ಷ ಬಜೆಟ್ ಜೊತೆಗೆ ಸದನದ ಮುಂದೆ ಇಡಲು ಹೊಸ ಕಾನೂನು ಬೇಕಿಲ್ಲ, ಸಂವಿಧಾನ ತಿದ್ದಬೇಕಿಲ್ಲ. ಸಂಬಂಧಪಟ್ಟ ಇಲಾಖೆಗಳ ಕಡತಗಳಲ್ಲಿ ಹುಡುಕಿದರೆ ಇದರ ಬಹುಪಾಲು ಮಾಹಿತಿ ಇದೆ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಶಾಸಕರು ಪಕ್ಷ ಮರೆತು ಮುಂದಿನ ಅಧಿವೇಶನದಲ್ಲಿ ಇದನ್ನು ಕೇಳಬೇಕು, ಉತ್ತರ ಬರುವವರೆಗೆ ಕೂರಬಾರದು.